ಸದರಿ

ಕೊಟ್ರಮ್ಮನ ರಿಜಿಸ್ಟರಿನಲ್ಲಿ
ಭಟ್ಟಿಯ ಹೆಸರು ಒಂದೇ ಸಲ, ಕೆಂಪು ಶಾಯಿ.
ಕೆಳಗೆ ನೀಲಿಯಲ್ಲಿ ಜನ:
ಹೆಸರು, ವಯಸ್ಸು, ಕೆಮ್ಮು ಎಷ್ಟು ದಿನದಿಂದ,
ಊದಿಸಿದಾಗ ಉಸಿರು ಎಲ್ಲಿಯವರೆಗೆ ಬಂತು.
ಓದುವವರಿಗೆ ಅಷ್ಟು ಸಾಕು. ಕಣ್ಣು ತಾನೇ ಮೇಲೆ ಹೋಗಿ
ಯಾರ ಭಟ್ಟಿ ಎಂದು ನೋಡಿಕೊಂಡು ಇಳಿಯುತ್ತದೆ.

ಕಂಪ್ಯೂಟರಿಗೆ ಆ ಕಣ್ಣಿಲ್ಲ.
ಪ್ರತಿ ಸಾಲೂ ತನ್ನ ಗುರುತು ತಾನೇ ಹೊತ್ತು ನಿಲ್ಲಬೇಕು.
ಇಲ್ಲದಿದ್ದರೆ ಅಕಾರಾದಿಗೆ ಹಾಕಿದ ಕೂಡಲೇ
ಬಾಷಾ ನಗರವೆಲ್ಲ ಜರಡಿಯಿಂದ ಚೆಲ್ಲಿದ ಮಂಡಕ್ಕಿ.

ನಮ್ಮಪ್ಪ ಚೌಕಿಪೇಟೆಯ ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತ.
ಒಮ್ಮೆ ‘ಹೊನ್ನಾಳಿ ಭತ್ತ’ ಎಂದು ಬರೆದರೆ
ಪುಟದ ತಳದವರೆಗೂ ಸದರಿ, ಸದರಿ, ಸದರಿ.
ಬರಬರುತ್ತ ‘ದ’ ಕರಗಿ, ‘ರಿ’ ಬಾಲವಾಗಿ,
ಕೊನೆಯ ಸಾಲಿನಲ್ಲಿ ಬರೀ ಒಂದು ಗೀಟು.
ಆ ಗೀಟೂ ಭತ್ತವೇ. ಯಾರೂ ಜಗಳಕ್ಕೆ ಬರಲಿಲ್ಲ.

ನನ್ನದು ಸೂತ್ರ.
ವಯಸ್ಸಿನ ಮನೆ ಖಾಲಿಯಿದ್ದರೆ
ಈ ಸಾಲು ಮನುಷ್ಯರದಲ್ಲ, ಭಟ್ಟಿಯದು; ಅದರ ಹೆಸರು ತಗೋ.
ಖಾಲಿ ಇಲ್ಲವೋ,
ನಿನ್ನ ನೆತ್ತಿಯ ಮೇಲಿನ ಮನೆಯಲ್ಲಿ ಏನಿದೆಯೋ ಅದೇ ನಿನ್ನದು.
ಮೂಲೆಯ ಚುಕ್ಕಿ ಹಿಡಿದು ಎಳೆದೆ, ಆರುನೂರ ಹನ್ನೆರಡು ಸಾಲು.
ಭದ್ರಾ ನಾಲೆ ಬಿಟ್ಟ ದಿನ
ನೀರು ಮಡಿಯಿಂದ ಮಡಿಗೆ ಹಾಯುವ ಹಾಗೆ
ಚಮನ್‌ಸಾಬರ ಭಟ್ಟಿ, ಚಮನ್‌ಸಾಬರ ಭಟ್ಟಿ, ಚಮನ್‌ಸಾಬರ ಭಟ್ಟಿ,
ಇನಾಯತ್ ಬ್ರದರ್ಸ್, ಇನಾಯತ್ ಬ್ರದರ್ಸ್…
ಇಷ್ಟು ಬೇಗ ಇಷ್ಟು ಜನಕ್ಕೆ ಯಾರೂ ವಿಳಾಸ ಕೊಟ್ಟಿರಲಿಕ್ಕಿಲ್ಲ
ಅಂದುಕೊಂಡು ಚಹಾ ತರಿಸಿದೆ.

ಒಟ್ಟು ಭಟ್ಟಿ ಎಷ್ಟು? ಕೊಟ್ರಮ್ಮ ಹೇಳಿದ್ದು ನಲವತ್ತೊಂದು.
ಪರದೆ ಹೇಳಿತು ನಲವತ್ತೆರಡು.

ಹೆಚ್ಚಾದ ಭಟ್ಟಿಯ ಹೆಸರು ಜೈತುನ್‌ಬೀ.
ಕೆಲಸಗಾರರು ಹತ್ತೊಂಬತ್ತು.

ರಿಜಿಸ್ಟರ್ ತೆಗೆದು ನೋಡಿದೆ. ನೀಲಿ ಶಾಯಿಯೇ.
ಇನಾಯತ್ ಬ್ರದರ್ಸಿನ ಎಂಟನೇ ಸಾಲು.
ಕೆಮ್ಮು: ಎರಡು ಮಳೆಗಾಲದಿಂದ.
ವಯಸ್ಸು: ಬರೆದಿಲ್ಲ.
ಅಷ್ಟಕ್ಕೇ ಸೂತ್ರ ಅವಳನ್ನು ಶಿರೋನಾಮೆ ಮಾಡಿತ್ತು.
ಕೆಳಗಿದ್ದ ಹನುಮವ್ವ, ರೇಷ್ಮಾ, ಇಬ್ಬರು ಬಸಣ್ಣಂದಿರು,
ಚೀಲ ಹೊಲಿಯುವ ಹುಡುಗ ತೌಸೀಫ್,
ಎಲ್ಲರೂ ಮಧ್ಯಾಹ್ನದಿಂದ ಅವಳ ಭಟ್ಟಿಯಲ್ಲಿ.

ಸಂಜೆ ಆಟೋ ಹಿಡಿದು ಹೋದೆ.
ಬಿಸಿ ಮರಳು, ಹೊಗೆ, ಸಿಡಿಯುವ ಅಕ್ಕಿ.
ಕೈ ನಿಲ್ಲಿಸದೆ ಹೇಳಿದಳು:
‘ವಯಸ್ಸಾ? ನಮ್ಮಣ್ಣ ಬರೆಸಿದ್ದು ಒಂದಿದೆ,
ಓಟಿನ ಚೀಟಿಯಾಗೆ ಒಂದಿದೆ,
ಮೊಣಕಾಲು ಹೇಳೋದೇ ಬೇರೆ. ನಿಂಗೆ ಯಾವುದು ಬೇಕವ್ವಾ?’

ವಿಷಯ ಹೇಳಿದೆ. ವಯಸ್ಸು ಬಿಟ್ಟಿದ್ದಕ್ಕೆ
ನೀವೇ ಒಂದು ಭಟ್ಟಿ ಆಗಿಬಿಟ್ಟಿದ್ದೀರಿ,
ಹತ್ತೊಂಬತ್ತು ಜನ ನಿಮ್ಮ ಕೈಕೆಳಗೆ.

ಜರಡಿ ನಿಂತಿತು.
‘ಹನುಮವ್ವಾ, ಕೇಳಿದ್ಯಾ? ನಾಳೆಯಿಂದ ಟಯರ್ ಸುಡಂಗಿಲ್ಲ.
ಹೊಟ್ಟು ಹಾಕ್ರಿ. ಆ ತೌಸೀಫಗೆ ರಾತ್ರಿ ಪಾಳಿ ಬ್ಯಾಡ.
ಶುಕ್ರವಾರ ಅರ್ಧ ದಿನ ರಜ.
ಮಂಗಳವಾರಾನೂ, ನಿನ್ನ ದುಗ್ಗಮ್ಮಗೆ.’
ಭಟ್ಟಿಗೆ ಭಟ್ಟಿಯೇ ನಕ್ಕಿತು.
ನಗುವಿನ ನಡುವೆ ಅವಳಿಗೆ ಕೆಮ್ಮು ಬಂತು;
ಎಣಿಸಬಾರದು ಅಂದುಕೊಂಡೇ ಎಣಿಸಿದೆ.
‘ಐವತ್ನಾಕು ಹಾಕ್ಕೋ’ ಎಂದಳು ಆಮೇಲೆ,
ಮತ್ತೆ ಜರಡಿಗೆ ಬಾಗಿ.

ಬೆಳಿಗ್ಗೆ ಅವಳ ಖಾಲಿ ಮನೆಯ ಮೇಲೆ ಕರ್ಸರ್ ಇಟ್ಟೆ.
ಫೋನು ಬಂತು, ಮಾತಾಡಿದೆ. ಕಿಟಕಿ ತೆಗೆದೆ. ಮತ್ತೆ ಮುಚ್ಚಿದೆ.
ಐದು.
ನಾಲ್ಕು.
ಎಂಟರ್.

ರೆಪ್ಪೆ ಬಡಿಯುವಷ್ಟರಲ್ಲಿ ಇಪ್ಪತ್ತು ಜನ
ಇನಾಯತ್ ಬ್ರದರ್ಸಿಗೆ ವಾಪಸ್ಸು, ಅವಳೂ ಸೇರಿ.
ಅಲ್ಲಿ ಆ ಹೊತ್ತಿಗೆ ಎರಡನೇ ಒಬ್ಬೆ ಹುರಿಯುತ್ತಿದ್ದಿರಬೇಕು.

ಸೂತ್ರ ತೆಗೆದು ವ್ಯಾಲ್ಯೂಗಳನ್ನಷ್ಟೇ ಅಂಟಿಸಿದೆ.
ಇನ್ನು ಯಾವ ಮನೆಯೂ ಮೇಲೆ ನೋಡುವುದಿಲ್ಲ.
ಷರಾ ಕಾಲಮ್ಮಿನಲ್ಲಿ ಅವಳೆದುರು ಬರೆದೆ: ವಯಸ್ಸು ಅಂದಾಜು.
ಕೆಳಗೆ ಹನುಮವ್ವನ ಎದುರು:
ಸದರಿ.